ಹದ್ದಿನ ಬಾಲದಡಿಯ ಎರಡು ಅಕ್ಷರ

ಆರು ವಾರ ಕಾದ ಮೇಲೆ, ಸ್ಥಿತಿ ನೋಡಿ ಅಂಕ ಹಾಕುವ ಸಂಸ್ಥೆಗೆ ಕಳಿಸಿದ್ದ ನನ್ನ ಅಮೆರಿಕದ ಹಳೇ ಚಿನ್ನದ ನಾಣ್ಯ ಅಂಚೆಯಲ್ಲಿ ವಾಪಸ್ ಬಂತು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಭದ್ರವಾಗಿ ಕೂತಿತ್ತು. ಮೇಲಿನ ಚೀಟಿಯಲ್ಲಿ ಇಸವಿ ಇತ್ತು, ಊರಿನ ಗುರುತು ಇತ್ತು, ಇದು ಅಸಲಿ ಅನ್ನುವ ಭರವಸೆಯೂ ಇತ್ತು. ಅಂಕ ಮಾತ್ರ ಇರಲಿಲ್ಲ. ಅಂಕ ಇರಬೇಕಾದ ಜಾಗದಲ್ಲಿ ‘ಕ್ಲೀನ್ಡ್’ ಅಂತ ಬರೆದಿತ್ತು. ಅಂದರೆ ಯಾರೋ ಇದನ್ನು ತೊಳೆದಿದ್ದಾರೆ.

ನನಗೆ ಮೊದಲು ನಗು ಬಂತು. ಚಿನ್ನ ತೊಳೆಯೋದು ತಪ್ಪಾ? ನಮ್ಮಮ್ಮ ಪ್ರತಿ ಗೌರಿ ಹಬ್ಬಕ್ಕೆ ಅಂಟುವಾಳದ ಕಾಯಿ ನೆನೆಹಾಕುತ್ತಿದ್ದರು. ಆ ನೊರೆಯಲ್ಲಿ ಬಳೆ, ಓಲೆ, ಸರ ಎಲ್ಲ ಅದ್ದಿ, ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ಬಿಳಿ ಪಂಚೆಯ ತುಂಡಿನ ಮೇಲೆ ಹರವುತ್ತಿದ್ದರು. ಪಳಪಳ ಅಂತ ಹೊಳೆದರೆ ಹಬ್ಬ ಬಂತು ಅಂತ ಅರ್ಥ. ಇಲ್ಲಿ ಅಮೆರಿಕದಲ್ಲಿ ಯಾವುದೋ ಕಾಲದಲ್ಲಿ ಯಾವ ಅಮ್ಮನೋ ಅದೇ ಕೆಲಸ ಮಾಡಿದ್ದಳು. ಅದಕ್ಕೆ ನನ್ನ ನಾಣ್ಯದ ಬೆಲೆ ಎಷ್ಟೋ ಇಳಿದಿತ್ತು. ನಗು ಅಲ್ಲಿಗೇ ನಿಂತಿತು.

ಇದು ಹೇಗೆ ಶುರುವಾಯಿತು ಅಂತ ಹೇಳಬೇಕು.

ನಮ್ಮೂರು ಬಂಗಾರಪೇಟೆ. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಜೀವನಪೂರ್ತಿ ಚಿನ್ನದ ಲೆಕ್ಕ ಬರೆದರು, ಅವರ ಕೈಯಲ್ಲಿ ಮಾತ್ರ ಉಂಗುರವೂ ಇರಲಿಲ್ಲ. ನಾನು ಕ್ಯಾಲಿಫೋರ್ನಿಯಾದ ಫೋಲ್ಸಮ್‌ಗೆ ಕೆಲಸಕ್ಕೆ ಬಂದ ಮೇಲೆ ಗೊತ್ತಾಗಿದ್ದು ಏನಂದರೆ, ಇದೂ ಚಿನ್ನದ ಸೀಮೆಯೇ. ಸ್ವಲ್ಪ ದೂರದ ಗ್ರಾಸ್ ವ್ಯಾಲಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರ ತಿಂಡಿಯಾದ ‘ಪ್ಯಾಸ್ಟಿ’ ಇವತ್ತಿಗೂ ಮಾರುತ್ತಾರೆ. ಅದೇ ಕಾರ್ನ್‌ವಾಲ್‌ನವರು ಕೆಜಿಎಫ್‌ಗೂ ಬಂದಿದ್ದರು ಅಲ್ವಾ! ಮೊದಲ ಸಲ ತಿಂದಾಗ ಆಲೂಗಡ್ಡೆ ಪಫ್ಸ್ ನೆನಪಾಯಿತು, ಖಾರ ಇಲ್ಲ ಅಷ್ಟೆ.

ಒಂದು ಚಳಿಗಾಲದಲ್ಲಿ ಮಕ್ಕಳಿಗೆ ಹಿಮ ತೋರಿಸಲು ಲೇಕ್ ಟಾಹೋಗೆ ಹೋಗಿದ್ದೆವು. ಎರಡನೇ ದಿನ ಬಿರುಗಾಳಿ. ಸುಮ್ನೆ ಹೋಟೆಲಿನಲ್ಲಿ ಕೂರೋದು ಬೇಡ ಅಂತ ಬೆಟ್ಟ ಇಳಿದು ಆ ಕಡೆಯ ಕಾರ್ಸನ್ ಸಿಟಿಗೆ ಹೋದೆವು. ನೆವಾಡಾ ರಾಜ್ಯದ ರಾಜಧಾನಿ, ಆದರೆ ಗಾತ್ರ ನೋಡಿದರೆ ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರ. ಮುಖ್ಯ ರಸ್ತೆಯಲ್ಲೇ ಒಂದು ಹಳೆಯ ಕಲ್ಲಿನ ಕಟ್ಟಡ. ಈಗ ಅದು ರಾಜ್ಯದ ಮ್ಯೂಸಿಯಂ, ಹಿಂದೆ ಟಂಕಸಾಲೆ ಆಗಿತ್ತು.

ಒಳಗೆ ಹೋದರೆ ಆರು ಟನ್ ತೂಕದ ಒಂದು ಕಪ್ಪು ಯಂತ್ರ. ಒಂದನೇ ನಂಬರ್ ಪ್ರೆಸ್. ಫಿಲಡೆಲ್ಫಿಯಾದ ಮಾರ್ಗನ್ ಅಂಡ್ ಆರ್ ಕಂಪನಿ 1869ರಲ್ಲಿ ಮಾಡಿದ್ದು. ಮುಂದಿನ ವರ್ಷ, 1870ರ ಫೆಬ್ರವರಿಯಲ್ಲಿ ಈ ಊರಿನ ಮೊದಲ ನಾಣ್ಯ ಇದರಿಂದಲೇ ಹೊರಬಿತ್ತು. ಯಂತ್ರದ ಮೇಲೆ ಮಾತ್ರ ಒಂದು ರೈಲ್ವೆ ಕಂಪನಿಯ ಹೆಸರಿನ ಫಲಕ! 1878ರಲ್ಲಿ ಪ್ರೆಸ್ ಬಿರುಕು ಬಿಟ್ಟಾಗ ಊರಿನಲ್ಲೇ ಇದ್ದ ರೈಲ್ವೆ ವರ್ಕ್‌ಶಾಪ್‌ನವರು ರಿಪೇರಿ ಮಾಡಿ, ಹಳೇ ಫಲಕ ಕಿತ್ತು ತಮ್ಮದನ್ನು ಹೊಡೆದುಬಿಟ್ಟರಂತೆ. ಈ ಬುದ್ಧಿ ಎಲ್ಲಾ ಊರಿನಲ್ಲೂ ಒಂದೇ. ಯಂತ್ರ ಇನ್ನೂ ಕೆಲಸ ಮಾಡುತ್ತದೆ. ಕೆಲವು ದಿನ ಅದರಲ್ಲಿ ಬೆಳ್ಳಿಯ ಪದಕ ಒತ್ತಿ ತೋರಿಸುತ್ತಾರೆ.

ಕೆಳಗಿನ ಮಹಡಿಯಲ್ಲಿ ನಕಲಿ ಗಣಿ ಸುರಂಗ ಕಟ್ಟಿದ್ದಾರೆ. ಕತ್ತಲು, ಮರದ ತೊಲೆಗಳು, ಹಳಿಯ ಮೇಲೆ ಅದಿರಿನ ಗಾಡಿ. ಮಗಳು ಕೈ ಹಿಡಿದುಕೊಂಡಳು. ನನಗೆ ತಾತನ ನೆನಪಾಯಿತು. ಅವರ ಜೊತೆ ಬಾವಿಗೆ ಇಳಿಯಬೇಕು ಅಂತ ಚಿಕ್ಕವನಿದ್ದಾಗ ಎಷ್ಟು ಹಠ ಮಾಡಿದರೂ ಬಿಟ್ಟಿರಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿತು. ಬಂಗಾರಪೇಟೆಯವನು ಸುರಂಗದ ಒಳಗೆ ನಡೆದಿದ್ದು ನೆವಾಡಾದಲ್ಲಿ, ಅದೂ ಪ್ರದರ್ಶನಕ್ಕೆ ಕಟ್ಟಿದ ಸುರಂಗ.

ಮೇಲೆ ಬಂದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ ನಾಣ್ಯಗಳ ಮುಂದೆ ನಿಂತೆ. ಒಂದು ಚಿನ್ನದ ಇಪ್ಪತ್ತು ಡಾಲರ್. ಒಂದು ಕಡೆ ಕಿರೀಟ ತೊಟ್ಟ ಹೆಣ್ಣಿನ ತಲೆ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಹದ್ದಿನ ಬಾಲದ ಕೆಳಗೆ ಎಳ್ಳಿನಷ್ಟು ಚಿಕ್ಕದಾಗಿ ಎರಡು ಅಕ್ಷರ: ಸಿ ಸಿ. ಕಾರ್ಸನ್ ಸಿಟಿ. ಅಮೆರಿಕದ ಟಂಕಸಾಲೆಗಳಲ್ಲಿ ಎರಡಕ್ಷರದ ಗುರುತು ಇದ್ದದ್ದು ಇದೊಂದಕ್ಕೇ. ಆ ಎರಡು ಅಕ್ಷರ ಮುಂದಿನ ನಾಲ್ಕು ವರ್ಷ ನನ್ನ ತಲೆ ತಿಂದವು.

ಕಥೆ ಚಿಕ್ಕದಾಗಿ ಹೇಳುತ್ತೇನೆ. 1859ರಲ್ಲಿ ಇಲ್ಲಿಗೆ ಹತ್ತಿರದ ವರ್ಜೀನಿಯಾ ಸಿಟಿಯಲ್ಲಿ ಕಾಮ್‌ಸ್ಟಾಕ್ ಅನ್ನುವ ದೊಡ್ಡ ಅದಿರಿನ ಪಟ್ಟಿ ಸಿಕ್ಕಿತು. ಬೆಳ್ಳಿಗೆ ಹೆಸರಾದರೂ ಚಿನ್ನವೂ ಧಾರಾಳ. ಅದನ್ನು ಗಾಡಿಗಳಲ್ಲಿ ಸಿಯೆರಾ ಬೆಟ್ಟ ದಾಟಿಸಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಗೆ ಸಾಗಿಸಬೇಕು. ದಾರಿಯಲ್ಲಿ ಹಿಮ, ಕಳ್ಳರು, ಬಾಡಿಗೆ. ಇಲ್ಲೇ ಒಂದು ಟಂಕಸಾಲೆ ಇರಲಿ ಅಂತ 1863ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿತು. ಊರು ಕಟ್ಟಿದ ಏಬ್ರಹಾಂ ಕರ್ರಿ ಅನ್ನುವವರೇ ಮುಂದೆ ನಿಂತು ಕಟ್ಟಿಸಿದರು. ಜೈಲಿನ ಕ್ವಾರಿಯ ಕಲ್ಲು ತರಿಸಿದರು. 1870ರಿಂದ 1893ರವರೆಗೆ ನಾಣ್ಯ ಹೊಡೆದರು. ನಡುವೆ 1885ರಲ್ಲಿ ಸರ್ಕಾರ ಬದಲಾಗಿ ಕೆಲಸ ನಿಂತು, 1889ರಲ್ಲಿ ಮತ್ತೆ ಶುರುವಾಯಿತು. ಚಿನ್ನದಲ್ಲಿ ಐದು, ಹತ್ತು, ಇಪ್ಪತ್ತು ಡಾಲರ್ ಮೂರೇ ಬಗೆ. ಪ್ರತಿಯೊಂದರಲ್ಲೂ 19 ಇಸವಿ. ಒಟ್ಟು 57 ನಾಣ್ಯ ಸಿಕ್ಕರೆ ಸೆಟ್ ಪೂರ್ತಿ.

57 ಅಂದರೆ ಕಡಿಮೆ ಅನ್ನಿಸಿತು. ಸ್ಟಾಂಪ್ ಸಂಗ್ರಹಿಸಿದವನಿಗೆ 57 ಯಾವ ಲೆಕ್ಕ? ಆಮೇಲೆ 1870ರ ಇಪ್ಪತ್ತು ಡಾಲರ್ ಎಷ್ಟು ಹೊಡೆದಿದ್ದರು ಅಂತ ನೋಡಿದೆ. 3,789. ಅದರಲ್ಲಿ ಈಗ ಉಳಿದಿರುವುದು ಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ. ಒಂದು ಹರಾಜಿಗೆ ಬಂದರೆ ನನ್ನ ಮನೆ ಮಾರಿದರೂ ಅದರ ಹತ್ತಿರ ಹೋಗುವಂತಿಲ್ಲ. 1879ರ ಹತ್ತು ಡಾಲರ್ ಅಂತೂ 1,762 ಅಷ್ಟೆ. ಸೆಟ್‌ನ ಆಸೆ ಅವತ್ತೇ ಬಿಟ್ಟೆ. ಐದು, ಹತ್ತು, ಇಪ್ಪತ್ತು, ಒಂದೊಂದು ಸಾಕು ಅಂತ ತೀರ್ಮಾನಿಸಿದೆ. ಹೆಂಡತಿಗೆ ‘ಒಂದು’ ಅಂತ ಹೇಳಿದೆ.

ಶುರುಮಾಡುವವರಿಗೆ ಎಲ್ಲರೂ ಹೇಳುವುದು 1891ರ ಐದು ಡಾಲರ್. 2,08,000 ಹೊಡೆದಿದ್ದಾರೆ, ಕಾರ್ಸನ್ ಸಿಟಿಯ ಐದು ಡಾಲರ್‌ಗಳಲ್ಲಿ ಅದೇ ಸುಲಭವಾಗಿ ಸಿಗೋದು. ತೂಕ 8.359 ಗ್ರಾಂ. ನಮ್ಮ ಲೆಕ್ಕದಲ್ಲಿ ಒಂದು ಸವರನ್‌ಗಿಂತ ಒಂಚೂರು ಮೇಲೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನ ಹತ್ತಿರ ಕಂಡಿತು. ಫೋಟೋದಲ್ಲಿ ನಿನ್ನೆ ಹೊಡೆದ ಹಾಗೆ ಮಿನುಗುತ್ತಿತ್ತು. ಡಬ್ಬಿಯಲ್ಲಿ ಇರಲಿಲ್ಲ, ಅಂಕ ಹಾಕಿಸಿರಲಿಲ್ಲ, ಬೆಲೆ ಬೇರೆಯವಕ್ಕಿಂತ ಕಡಿಮೆ. ಇಷ್ಟು ಹೊಳೆಯುತ್ತಿದೆ, ಬೇರೆಯವರಿಗೆ ಕಣ್ಣಿಲ್ಲ ಅಂದುಕೊಂಡೆ. ಇಲ್ಲದಿದ್ದದ್ದು ನನಗೆ.

ಬಂದ ದಿನವೇ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿಟ್ಟೆ. ತೂಕ ಸರಿ. ದಾರಕ್ಕೆ ಕಟ್ಟಿ ನೀರಿನ ಲೋಟದಲ್ಲಿ ಮುಳುಗಿಸಿ ಸಾಂದ್ರತೆ ಲೆಕ್ಕ ಹಾಕಿದೆ. ಶೇ. 90 ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ ಅಂದರೆ ನೀರಿನ ಸುಮಾರು 17.2 ಪಟ್ಟು ಬರಬೇಕು. ಬಂತು. ಒರೆಗಲ್ಲಿಗೆ ಉಜ್ಜುವ ಹಾಗಿಲ್ಲ ನೋಡಿ, ಅದಕ್ಕೆ ಈ ಸರ್ಕಸ್. ಅಸಲಿ ಅಂತ ಖುಷಿಯಾಗಿ, ಅಂಕ ಹಾಕುವ ಸಂಸ್ಥೆಗೆ ವಿಮೆ ಮಾಡಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಇಲ್ಲಿ ಅಂಕದ ವಿಷಯ ಹೇಳಬೇಕು. ವಿಲಿಯಂ ಶೆಲ್ಡನ್ ಅನ್ನುವವರು 1949ರಲ್ಲಿ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗೆ 1ರಿಂದ 70ರವರೆಗೆ ಒಂದು ಅಳತೆ ಮಾಡಿದರು. 70ರ ನಾಣ್ಯ 1ರ ನಾಣ್ಯಕ್ಕಿಂತ 70 ಪಟ್ಟು ಬೆಲೆ ಬಾಳಬೇಕು ಅನ್ನೋದು ಅವರ ಲೆಕ್ಕ. ಬೆಲೆಯ ಲೆಕ್ಕ ಎಂದೋ ಹಳ್ಳ ಹಿಡಿಯಿತು, ಅಳತೆ ಮಾತ್ರ ಎಲ್ಲಾ ನಾಣ್ಯಕ್ಕೂ ಅಂಟಿಕೊಂಡಿತು. 60ರಿಂದ ಮೇಲೆ ಅಂದರೆ ಚಲಾವಣೆಯಾಗದ್ದು. 50ರಿಂದ 58 ಅಂದರೆ ಸ್ವಲ್ಪವೇ ಓಡಾಡಿದ್ದು. 40ರ ಆಸುಪಾಸು ಅಂದರೆ ಜೇಬಿನಲ್ಲಿ ಇನ್ನೊಂದಿಷ್ಟು ಉರುಳಿದ್ದು. ಪಿಸಿಜಿಎಸ್, ಎನ್‌ಜಿಸಿ ಅಂತ ಎರಡು ದೊಡ್ಡ ಸಂಸ್ಥೆಗಳಿವೆ, ಎರಡೂ 1980ರ ದಶಕದಲ್ಲಿ ಶುರುವಾದವು. ನಾಣ್ಯ ನೋಡಿ, ಅಂಕ ಕೊಟ್ಟು, ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತಾರೆ. ಆ ಡಬ್ಬಿಗೆ ‘ಸ್ಲ್ಯಾಬ್’ ಅಂತಾರೆ. ತೊಳೆದದ್ದು, ಕೆರೆದದ್ದು, ರಂಧ್ರ ಮುಚ್ಚಿದ್ದು, ಇವಕ್ಕೆಲ್ಲ ಅಂಕ ಇಲ್ಲ. ಫೇಲ್ ಅಂತ ಬರೆಯುವುದಿಲ್ಲ, ‘ಡೀಟೇಲ್ಸ್’ ಅಂತ ಮರ್ಯಾದೆಯಾಗಿ ಬರೆಯುತ್ತಾರೆ.

ನನ್ನದು ಡೀಟೇಲ್ಸ್. ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಮೇಜಿನ ದೀಪವೊಂದನ್ನೇ ಉಳಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕೂತೆ. ನೇರವಾಗಿ ನೋಡಿದರೆ ಏನೂ ಕಾಣಲಿಲ್ಲ. ನಾಣ್ಯವನ್ನು ಸ್ವಲ್ಪ ವಾರೆ ಮಾಡಿದೆ. ಆಗ ಕಂಡವು. ಆ ಹೆಣ್ಣಿನ ಮುಖದ ಮುಂದಿನ ಖಾಲಿ ಜಾಗದಲ್ಲಿ ಕೂದಲಿಗಿಂತ ತೆಳುವಾದ ನೂರಾರು ಗೀರುಗಳು, ಎಲ್ಲವೂ ಒಂದೇ ದಿಕ್ಕಿನಲ್ಲಿ. ಸ್ಟೀಲ್ ತಟ್ಟೆಯನ್ನು ನಾರಿನಲ್ಲಿ ತಿಕ್ಕಿದಾಗ ಬೀಳುತ್ತವಲ್ಲ, ಹಾಗೆ. ಓಡಾಡಿ ಬಿದ್ದ ಗೀರು ಹೀಗಿರುವುದಿಲ್ಲ. ಅವು ಮನಸ್ಸಿಗೆ ಬಂದ ಕಡೆ ಹೋಗಿರುತ್ತವೆ.

ಫೋಟೋದಲ್ಲಿ ಮಿನುಗಿದ್ದು ಈ ಗೀರುಗಳೇ.

ತೊಳೆಯದ ನಾಣ್ಯದ ಹೊಳಪು ಬೇರೆ ಥರ. ಅಚ್ಚು ಜೋರಾಗಿ ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಹಾಗೆ ಹರಿದ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತದೆ. ದೀಪದ ಕೆಳಗೆ ನಿಧಾನವಾಗಿ ತಿರುಗಿಸಿದರೆ ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಒಮ್ಮೆ ತಿಕ್ಕಿದರೆ ಆ ಚಕ್ರ ನಿಂತುಹೋಗುತ್ತದೆ. ಮತ್ತೆ ತರಿಸೋಕಾಗಲ್ಲ. ನನ್ನ ನಾಣ್ಯವನ್ನು ಅರ್ಧ ಗಂಟೆ ತಿರುಗಿಸಿದೆ. ಬೆಳಕು ಒಂದೇ ಕಡೆ ಬಿದ್ದುಕೊಂಡಿತ್ತು, ಚಕ್ರ ತಿರುಗಲಿಲ್ಲ.

ಮಾರಿದವನಿಗೆ ಬರೆದೆ. ‘ಅಸಲಿ ಅಂದಿದ್ದೆ, ಅಸಲಿಯೇ ಅಲ್ವಾ’ ಅನ್ನುವ ಅರ್ಥದ ಒಂದು ಸಾಲು ಬಂತು. ಮಾತು ಸರಿಯೇ ಇತ್ತು, ಸುಮ್ಮನಾದೆ.

ಆಮೇಲೆ ಒಂದು ವರ್ಷ ಏನನ್ನೂ ಕೊಳ್ಳಲಿಲ್ಲ, ಬರೀ ನೋಡಿದೆ. ಹರಾಜು ಮನೆಗಳು ಹಿಂದೆ ಮಾರಿದ ನಾಣ್ಯಗಳ ದೊಡ್ಡ ಫೋಟೋಗಳನ್ನು ಇಟ್ಟಿರುತ್ತವೆ, ಪುಕ್ಕಟೆ ನೋಡಬಹುದು. ದಿನಾ ರಾತ್ರಿ ಹತ್ತು ನಾಣ್ಯ. ಚೀಟಿ ಮುಚ್ಚಿಕೊಂಡು ಅಂಕ ಊಹಿಸೋದು, ಆಮೇಲೆ ತೆಗೆದು ನೋಡೋದು. ಮೊದಮೊದಲು ಹತ್ತರಲ್ಲಿ ಎರಡು ಸರಿಯಾಗುತ್ತಿತ್ತು. ಹೆಂಡತಿ ಒಮ್ಮೆ ಹಿಂದೆ ನಿಂತು ನೋಡಿ, ‘ಮದುವೆಗೆ ಮುಂಚೆ ನನ್ನ ಫೋಟೋನೂ ಇಷ್ಟು ಹೊತ್ತು ನೋಡಿರಲಿಲ್ಲ ನೀವು’ ಅಂದಳು.

ಹಾಗೆ ನೋಡುತ್ತಾ ಕಾರ್ಸನ್ ಸಿಟಿ ನಾಣ್ಯಗಳ ಸ್ವಭಾವ ತಿಳಿಯತೊಡಗಿತು. ಅಚ್ಚುಗಳು ಮಾತ್ರ ಇಲ್ಲಿ ತಯಾರಾದವಲ್ಲ, ಫಿಲಡೆಲ್ಫಿಯಾದಲ್ಲಿ ಮಾಡಿ ಕಳಿಸುತ್ತಿದ್ದರು. ಸಿ ಸಿ ಅಕ್ಷರವನ್ನು ಅಲ್ಲೇ ಕೈಯಿಂದ ಹೊಡೆಯುತ್ತಿದ್ದರು. ಅದಕ್ಕೇ ಕೆಲವದರಲ್ಲಿ ಎರಡು ಅಕ್ಷರಗಳ ನಡುವೆ ಜಾಗ ಜಾಸ್ತಿ, ಕೆಲವದರಲ್ಲಿ ಅಂಟಿಕೊಂಡಂತಿವೆ, ಕೆಲವದರಲ್ಲಿ ಒಂದು ಮೇಲೆ ಒಂದು ಕೆಳಗೆ. ಶುರುವಿನ ವರ್ಷಗಳ ನಾಣ್ಯದಲ್ಲಿ ಅಚ್ಚು ಪೂರ್ತಿ ಮೂಡಿಲ್ಲದ್ದು ಜಾಸ್ತಿ. ಇಪ್ಪತ್ತು ಡಾಲರ್‌ಗಳಿಗಂತೂ ಮೈತುಂಬಾ ಪೆಟ್ಟು. ಮೂವತ್ತಮೂರು ಗ್ರಾಂ ತೂಕದ ಮೆತ್ತನೆ ಲೋಹದ ಬಿಲ್ಲೆಗಳು ಒಂದೇ ಚೀಲದಲ್ಲಿ ಒಂದಕ್ಕೊಂದು ಬಡಿದುಕೊಂಡು ಗಾಡಿಯಲ್ಲಿ ಹೋಗಿದ್ದಲ್ವಾ? ಇವಕ್ಕೆ ‘ಬ್ಯಾಗ್ ಮಾರ್ಕ್’ ಅಂತಾರೆ. ಕೆನ್ನೆಯ ಮೇಲೆ ಒಂದು ಗುರುತೂ ಇಲ್ಲದ ಕಾರ್ಸನ್ ಸಿಟಿ ಇಪ್ಪತ್ತು ಡಾಲರ್ ಕಂಡರೆ ನನಗೆ ಈಗ ಸಂತೋಷಕ್ಕಿಂತ ಮುಂಚೆ ಅನುಮಾನ ಬರುತ್ತದೆ.

ಅನುಮಾನಕ್ಕೆ ಇನ್ನೊಂದು ಕಾರಣ ಇದೆ. ಫಿಲಡೆಲ್ಫಿಯಾದಲ್ಲಿ ಹೊಡೆದ ನಾಣ್ಯಕ್ಕೆ ಅಕ್ಷರವೇ ಇಲ್ಲ. ಅದೇ ವಿನ್ಯಾಸ, ಅದೇ ಚಿನ್ನ, ಬೆಲೆ ತುಂಬಾ ಕಡಿಮೆ. ಅಂಥದ್ದೊಂದನ್ನು ತಗೊಂಡು, ಹದ್ದಿನ ಬಾಲದ ಕೆಳಗೆ ಎರಡು ಪುಟ್ಟ ಸಿ ಬೆಸೆದರೆ? ಮಾಡಿದ್ದಾರೆ, ಬೇಕಾದಷ್ಟು ಜನ. ತೂಕ ಸರಿ, ಸಾಂದ್ರತೆ ಸರಿ, ನನ್ನ ಲೋಟದ ನೀರು ಅಲ್ಲಿ ಕೆಲಸಕ್ಕೆ ಬರಲ್ಲ. ಅಕ್ಷರದ ಬುಡ ನೋಡಬೇಕು. ಅಚ್ಚಿನಿಂದ ಮೂಡಿದ ಅಕ್ಷರ ನೆಲದಿಂದ ಮೊಳೆತ ಹಾಗಿರುತ್ತದೆ. ಅಂಟಿಸಿದ್ದರ ಸುತ್ತ ಸಣ್ಣ ಗೆರೆ ಕಾಣುತ್ತದೆ, ಸುತ್ತಲಿನ ಬಣ್ಣವೂ ಒಂಚೂರು ಬೇರೆ. ಇದನ್ನು ತಿಳಿದ ಮೇಲೆ ಡಬ್ಬಿಯಲ್ಲಿ ಇರದ ಸಿಸಿ ನಾಣ್ಯದ ಕಡೆ ನಾನು ಕೈ ಚಾಚಿಲ್ಲ. ಡಬ್ಬಿಯನ್ನೇ ನಕಲಿ ಮಾಡುವವರೂ ಇದ್ದಾರೆ. ಅದಕ್ಕೇ ಚೀಟಿಯ ನಂಬರನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿನ ಫೋಟೋದಲ್ಲಿರುವ ಗೀರು, ಕೈಯಲ್ಲಿರುವ ಗೀರು ಎರಡೂ ಒಂದೇನಾ ಅಂತ ತಾಳೆ ನೋಡುತ್ತೇನೆ.

ಒಂದು ತಮಾಷೆ ಇದೆ. ಈ ಟಂಕಸಾಲೆ ಕೆಲಸ ಮಾಡುತ್ತಿದ್ದಾಗ ಅಮೆರಿಕದ ನಾಣ್ಯ ಸಂಗ್ರಾಹಕರಿಗೆ ಅಕ್ಷರದ ಗೊಡವೆಯೇ ಇರಲಿಲ್ಲ. ಇಸವಿ ಸಿಕ್ಕರೆ ಸಾಕಿತ್ತು. 1893ರಲ್ಲಿ ಅಗಸ್ಟಸ್ ಹೀಟನ್ ಅನ್ನುವ ಚಿತ್ರಕಾರರು ‘ಅಕ್ಷರ ನೋಡಿ ಸ್ವಾಮಿ, ಅದರಲ್ಲೇ ಇರೋದು’ ಅನ್ನುವ ಅರ್ಥದಲ್ಲಿ ಒಂದು ಪುಸ್ತಿಕೆ ಬರೆದರು. ಅದೇ ವರ್ಷ ಕಾರ್ಸನ್ ಸಿಟಿಯಲ್ಲಿ ನಾಣ್ಯ ಹೊಡೆಯುವುದು ನಿಂತಿತು. ಅಷ್ಟು ಹೊತ್ತಿಗೆ ಹೆಚ್ಚಿನವು ಬ್ಯಾಂಕುಗಳ ಚೀಲ ಸೇರಿದ್ದವು. ಮುಂದೆ 1933ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಎಲ್ಲರೂ ಚಿನ್ನ ತಂದು ಒಪ್ಪಿಸಬೇಕು ಅಂತ ಆದೇಶ ಹೊರಡಿಸಿದರು. ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತು. ಆದರೆ ಬ್ಯಾಂಕಿನ ಗುಮಾಸ್ತ ಒಂದೊಂದನ್ನೂ ತಿರುಗಿಸಿ ಹದ್ದಿನ ಬಾಲ ನೋಡುತ್ತಾ ಕೂರುತ್ತಾನಾ? ರಾಶಿಗಟ್ಟಲೆ ಕರಗಿ ಗಟ್ಟಿಗಳಾದವು. ಉಳಿದವು ಹೇಗೆ ಉಳಿದವು ಅಂದರೆ, ಅದಕ್ಕೂ ಮುಂಚೆ ವ್ಯಾಪಾರಕ್ಕೆ ಅಂತ ಸಮುದ್ರ ದಾಟಿ ಯುರೋಪಿನ ಬ್ಯಾಂಕುಗಳಿಗೆ ಹೋಗಿದ್ದವು. ಅಲ್ಲಿ ಕತ್ತಲಲ್ಲಿ ಮಲಗಿದ್ದು ದಶಕಗಳ ನಂತರ ವಾಪಸ್ ಬಂದವು. ಊರು ಬಿಟ್ಟವು ಬದುಕಿಕೊಂಡವು.

ಎರಡನೇ ವರ್ಷ ಹರಾಜಿಗೆ ಇಳಿದೆ. ಎರಡು ಸಲ ಸೋತೆ. ಒಂದು ಸಲ ಗೆದ್ದೆ ಅಂದುಕೊಂಡು ಲೆಕ್ಕ ನೋಡಿದರೆ, ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಪಾಲು ಶೇ. 20 ಸೇರಿಸೋದನ್ನೇ ಮರೆತಿದ್ದೆ. ಪುಣ್ಯಕ್ಕೆ ಕೊನೆಯ ಕ್ಷಣದಲ್ಲಿ ಇನ್ಯಾರೋ ಮುಂದೆ ಹೋದರು. ಆ ಪುಣ್ಯಾತ್ಮ ಯಾರೋ, ಚೆನ್ನಾಗಿರಲಿ.

ಕೊನೆಗೆ ಸಿಕ್ಕಿದ್ದು ಸ್ಯಾಕ್ರಮೆಂಟೋ ಹತ್ತಿರ ನಡೆದ ಒಂದು ನಾಣ್ಯ ಮೇಳದಲ್ಲಿ. ದೊಡ್ಡ ಹಾಲ್, ಸಾಲು ಮೇಜುಗಳು, ಪ್ರತಿ ಮೇಜಿಗೂ ಒಂದು ದೀಪ. ಚಿಕ್ಕಪೇಟೆಯ ಚಿನ್ನದಂಗಡಿಗಳನ್ನೆಲ್ಲ ಒಂದೇ ಕಲ್ಯಾಣ ಮಂಟಪಕ್ಕೆ ತುಂಬಿದ ಹಾಗೆ, ಸದ್ದು ಮಾತ್ರ ಕಡಿಮೆ. ಒಬ್ಬ ವಯಸ್ಸಾದ ಡೀಲರ್ ಹತ್ತಿರ 1884ರ ಇಪ್ಪತ್ತು ಡಾಲರ್ ಇತ್ತು. ನನಗೆ 1884ರ ಮೇಲೆ ಮೊದಲೇ ಕಣ್ಣಿತ್ತು. 81,139 ಹೊಡೆದದ್ದು, ಹಾಗಾಗಿ ಕೈಗೆಟುಕುವ ಇಸವಿಗಳಲ್ಲಿ ಒಂದು. ಜೊತೆಗೆ ಕೆಜಿಎಫ್ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಕೋಲಾರದ ನೆಲಕ್ಕೆ ಬಂದದ್ದು 1880ರಲ್ಲಿ. ಅಂದರೆ ನಮ್ಮ ಕಡೆ ಬಾವಿ ತೋಡುತ್ತಿದ್ದ ದಿನಗಳಲ್ಲೇ ಇಲ್ಲಿ ಈ ನಾಣ್ಯ ಒತ್ತುತ್ತಿದ್ದರು. ಇದಕ್ಕೆ ಮಾರುಕಟ್ಟೆಯಲ್ಲಿ ಒಂದು ಪೈಸೆ ಬೆಲೆ ಇಲ್ಲ, ನನಗೆ ಇದೆ.

ನಾನು ಮೊದಲು ಡಬ್ಬಿಯ ಚೀಟಿ ನೋಡಲು ಹೋದೆ. ಅವರು ಹೆಬ್ಬೆರಳಿನಿಂದ ಚೀಟಿ ಮುಚ್ಚಿದರು. ‘ಅದು ಆಮೇಲೆ. ಮೊದಲು ನಾಣ್ಯ ನೋಡು, ಎಷ್ಟು ಕೊಡ್ತೀಯ ಹೇಳು’ ಅಂದರು. ಅಂಕವನ್ನು ಹೇಳಬೇಕಿತ್ತು. ಪರೀಕ್ಷೆ!

ದೀಪದ ಕೆಳಗೆ ಹಿಡಿದು ವಾರೆ ಮಾಡಿದೆ. ಕೆನ್ನೆಯ ಮೇಲೆ ಮೂರು ಪೆಟ್ಟು, ಒಂದು ಸ್ವಲ್ಪ ಆಳ. ಕಿವಿಯ ಮೇಲಿನ ಕೂದಲಿನಲ್ಲಿ ಬಣ್ಣ ಒಂದು ಛಾಯೆ ಮಂಕು, ಅದು ಕೈ ತಾಗಿ ಸವೆದ ಗುರುತು. ಖಾಲಿ ಜಾಗದಲ್ಲಿ ಗೀರುಗಳಿದ್ದವು, ಆದರೆ ದಿಕ್ಕಾಪಾಲು. ಹದ್ದಿನ ರೆಕ್ಕೆಯ ಪಕ್ಕ ಜೋಳದ ಕಾಳಿನ ಕಾಲುಭಾಗದಷ್ಟು ಕೆಂಪು ಕಲೆ. ಲೋಹದಲ್ಲಿನ ತಾಮ್ರ ಅಲ್ಲಲ್ಲಿ ಹೀಗೆ ಮೇಲೆ ಬರುತ್ತದೆ. ತಿರುಗಿಸಿದೆ. ನಕ್ಷತ್ರಗಳ ಸುತ್ತ, ಅಕ್ಷರಗಳ ಸಂದಿಯಲ್ಲಿ ಬೆಳಕು ಸುತ್ತಿತು. ನಡುವೆ ನಿಲ್ಲುತ್ತಿತ್ತು, ಅಂಚಿನಲ್ಲಿ ಮತ್ತೆ ಹಿಡಿದುಕೊಳ್ಳುತ್ತಿತ್ತು. ಯಾರೂ ತಿಕ್ಕಿರಲಿಲ್ಲ. 140 ವರ್ಷ ಯಾವ ಹಬ್ಬಕ್ಕೂ ಯಾರೂ ಇದನ್ನು ತೊಳೆದಿರಲಿಲ್ಲ.

‘53’ ಅಂದೆ. ಅವರು ಬೆರಳು ತೆಗೆದರು. 55 ಅಂತ ಇತ್ತು. ‘ಹೆದರಿಕೊಂಡು ಹೇಳಿದೆ’ ಅಂತ ನಕ್ಕರು. ಚೌಕಾಸಿ ಮಾಡಿದೆ, ಮಾಡದಿದ್ದರೆ ಕೋಲಾರದವನೇ ಅಲ್ಲ. ಸ್ವಲ್ಪ ಬಿಟ್ಟರು. ಎಷ್ಟಕ್ಕೆ ಅಂತ ಇಲ್ಲಿ ಬರೆಯುವುದಿಲ್ಲ, ಇದನ್ನು ಹೆಂಡತಿ ಓದುತ್ತಾಳೆ.

ಮನೆಗೆ ತಂದ ಮೇಲೆ ಬರುವ ಕಿರಿಕಿರಿ ಯಾರೂ ಮೊದಲೇ ಹೇಳುವುದಿಲ್ಲ. ಮನೆಯ ಸಾಮಾನ್ಯ ವಿಮೆ ನಾಣ್ಯಗಳಿಗೆ 200 ಡಾಲರ್‌ನಷ್ಟೇ ಕೊಡುತ್ತದೆ, ಹೆಚ್ಚಿನ ಪಾಲಿಸಿಗಳಲ್ಲಿ ಅಷ್ಟೆ. ಬೇರೆ ವಿಮೆ ಮಾಡಿಸಬೇಕು. ಬ್ಯಾಂಕ್ ಲಾಕರ್‌ನಲ್ಲಿಟ್ಟರೆ ಬ್ಯಾಂಕ್ ಠೇವಣಿಗೆ ಇರುವ ಸರ್ಕಾರಿ ವಿಮೆ ಅದಕ್ಕಿಲ್ಲ. ಮುಂದೆ ಲಾಭಕ್ಕೆ ಮಾರಿದರೆ ಷೇರಿನ ಹಾಗಲ್ಲ, ಸಂಗ್ರಹದ ವಸ್ತು ಅಂತ ಶೇ. 28ರವರೆಗೆ ತೆರಿಗೆ. ಇದು ಹೂಡಿಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಡೀಲರ್‌ನ ಊಟ ಇರುತ್ತದೆ. ಬರೀ ಚಿನ್ನ ಬೇಕಿದ್ದರೆ ಬಿಸ್ಕೆಟ್ ತಗೊಳ್ಳಿ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಲಾಕರ್‌ಗೆ ಹೋಗುತ್ತೇನೆ ಅಂದಾಗ ತಾವೂ ಹೊರಟರು. ಕೈಯಲ್ಲಿ ಬಟ್ಟೆ ಚೀಲ, ಅಭ್ಯಾಸ. ಚಿಕ್ಕ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎರಡೂ ಡಬ್ಬಿಗಳನ್ನು ಮೇಜಿನ ಮೇಲಿಟ್ಟೆ.

‘ಎಷ್ಟು ಗ್ರಾಮು?’

‘ದೊಡ್ಡದು 33.4.’

‘ನಾಲ್ಕು ಸವರನ್ ಮೇಲೆ. 22 ಕ್ಯಾರೆಟ್ಟಾ?’

‘21.6.’

‘22ಕ್ಕೂ ಗತಿ ಇಲ್ವಾ!’ ಅಂದು, ಬೆರಳು ಮಡಚಿ ಲೆಕ್ಕ ಹಾಕಿದರು. ನಾನು ಕೊಟ್ಟ ದುಡ್ಡು ಕೇಳಿದರು. ಮೆಲ್ಲಗೆ ಹೇಳಿದೆ. ‘ಅಯ್ಯೋ, ಮಜೂರಿನೇ ಇಷ್ಟಾ? ನಮ್ಮ ಆಚಾರ್ರು ಕೇಳಿದ್ರೆ ಎದೆ ಒಡ್ಕೋತಾರೆ ಕಣೋ.’

ಭೂತಗನ್ನಡಿ ಕೊಟ್ಟು ಸಿ ಸಿ ತೋರಿಸಿದೆ. ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ನಾಣ್ಯ ತಿರುಗಿಸಿ ಹೆಣ್ಣಿನ ತಲೆ ನೋಡಿದರು. ಸುಮಾರು ಹೊತ್ತು ನೋಡಿದರು. ಕಿಟಕಿ ಇರಲಿಲ್ಲ, ಮೇಲಿನ ಟ್ಯೂಬ್‌ಲೈಟಿಗೆ ತಾವೇ ವಾರೆ ಮಾಡಿದರು. ನಾನು ಹೇಳಿಕೊಟ್ಟಿರಲಿಲ್ಲ.

‘ಕೂದ್ಲಲ್ಲಿ ಒಂಚೂರು ಸವೆದಿದೆ. ಮೂಗು ಸವೆದಿಲ್ಲ. ಜಾಸ್ತಿ ಯಾರೂ ಹಾಕ್ಕೊಂಡಿಲ್ಲ ಇದನ್ನ.’ ಆಮೇಲೆ ಐದು ಡಾಲರ್ ಎತ್ತಿಕೊಂಡರು. ಒಂದೇ ಕ್ಷಣ. ‘ಇದನ್ನ ಯಾರೋ ತಿಕ್ಕಿದ್ದಾರೆ.’

ನಾನು ಒಂದು ವರ್ಷ ರಾತ್ರಿಯೆಲ್ಲಾ ಕೂತು ಕಲಿತದ್ದು ಅದು.

‘ನಿಮಗೆ ಹೇಗೆ ಗೊತ್ತಾಯ್ತು?’

‘ಅಜ್ಜಿ ಸರ ಇತ್ತಲ್ಲೋ. ಹದಿನಾರು ಸವರನ್ ಬೆಸೆದಿದ್ದು, ನಿಜವಾದ ಸವರನ್. ಒಂದರಲ್ಲಿ ರಾಜನಿಗೆ ಮೂಗೇ ಇರ್ಲಿಲ್ಲ. ವರ್ಷಾ ವರ್ಷಾ ತೊಳೆದು ತೊಳೆದು.’

ಆ ಬ್ರಿಟಿಷ್ ಸವರನ್ ನಾಣ್ಯಗಳಲ್ಲಿ ಕೆಲವಕ್ಕೂ ಹೀಗೇ ಅಕ್ಷರ ಇರುತ್ತದೆ ಅಂತ ಅವರಿಗೆ ಹೇಳಿದೆ. ಕುದುರೆ ಸವಾರನ ಕಾಲಡಿ, ಇಸವಿಯ ಮೇಲೆ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಮೆಲ್ಬರ್ನ್‌ನದಾದರೆ ಎಂ, ಸಿಡ್ನಿಯದಾದರೆ ಎಸ್. 1918ರಲ್ಲಿ ಒಂದೇ ಒಂದು ವರ್ಷ ಬಾಂಬೆಯಲ್ಲೂ ಹೊಡೆದಿದ್ದರು, ಅದಕ್ಕೆ ಇಂಡಿಯಾದ ಐ.

‘ಅಜ್ಜಿ ಸರದಲ್ಲಿ ಯಾವ ಅಕ್ಷರ ಇತ್ತಮ್ಮಾ?’

ಅಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಅದರ ಪ್ಲಾಸ್ಟಿಕ್ ಒರೆಸಿದರು. ‘ಯಾರು ನೋಡಿದ್ರಪ್ಪಾ. ನಿಮ್ಮಕ್ಕನ ಮದುವೆಗೆ ಕರಗಿಸಿ ಬಳೆ ಮಾಡಿಸಿದ್ವಲ್ಲ.’